ಬಲ ಹೇರಿದ ಕುರಿ

ತೊಂಬತ್ತರ ದಶಕದಲ್ಲಿ ಕುರಿಗಳಿಗೆ ಲಸಿಕೆ ಹಾಕಲು ತೊಗರ್ಸಿಗೆ ಹೋಗಿದ್ದೆ. ಮೇಯಲು ಹೋದ ಮಂದೆ ಇನ್ನೂ ಬಂದಿರಲಿಲ್ಲ. ಮಂದೆಯ ಯಜಮಾನಿ ಕರಿಯಮ್ಮ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಆಟದ ಮನೆ ಬರೆದು, "ಸುಮ್ನೆ ಯಾಕೆ ಕೂರ್ತೀರಿ, ಒಂದಾಟ ಆಡ್ರಿ" ಎಂದರು.

ಆಟ ಅವರೇ ಕಟ್ಟಿದ್ದು. ಹುಣಸೆ ಬೀಜವೇ ಕುರಿ. ನಾಲ್ಕು ಕವಡೆ ಎಸೆದು, ಅಂಗಾತ ಬಿದ್ದಷ್ಟು ಮನೆ ನಡೆಸಬೇಕು. ದಾರಿಯಲ್ಲಿ ಗುರುತು ಹಾಕಿದ ಮನೆಗಳಲ್ಲಿ ಬಲ ಸಿಗುತ್ತದೆ: ನಾಯಿ ಸಿಕ್ಕರೆ ಎದುರಿನ ಕುರಿಯನ್ನು ಹೊಡೆಯಬಹುದು, ಕಂಬಳಿ ಸಿಕ್ಕರೆ ನಮ್ಮದನ್ನು ಯಾರೂ ಹೊಡೆಯುವಂತಿಲ್ಲ, ಕೋಲು ಸಿಕ್ಕರೆ ಹಿಂದಕ್ಕೂ ನಡೆಸಬಹುದು. ಬೇಡದಿದ್ದರೆ ಬಿಡಬಹುದು; ತೆಗೆದುಕೊಂಡ ಒಂದೊಂದು ಬಲಕ್ಕೂ ಒಂದು ಕವಡೆ ವಾಪಸ್.

ನಾನು ಆಸೆಬುರುಕ. ಮೂರನ್ನೂ ಒಂದೇ ಕುರಿಗೆ ಹೇರಿದೆ. ಕೈಯಲ್ಲಿ ಉಳಿದದ್ದು ಒಂದೇ ಕವಡೆ. ಅದು ಬೋರಲು ಬಿದ್ದರೆ ಒಂದು ಹೆಜ್ಜೆಯೂ ಇಲ್ಲ. ಅಷ್ಟರಲ್ಲಿ ಅವರ ಬರೀ ಕುರಿ ಗುರಿ ಮುಟ್ಟಿತ್ತು.

"ಮೊದ್ಲು ಕವಡೆ ಕಿತ್ಕೊಳ್ತಿರಲಿಲ್ಲ ರೀ. ಬಲ ಸಿಕ್ಕೋರೇ ಗೆಲ್ಲೋರು, ಉಳಿದೋರು ಎದ್ದು ಹೋಗೋರು" ಎಂದರು.

ಮಂದೆ ಬಂತು. ನಾನು ಎರಡು ಬಗೆಯ ಲಸಿಕೆ ತೆಗೆದೆ.

"ಎರಡೂ ಇವತ್ತೇನ್ರೀ? ನಾಳೆ ಅವು ನಡೀಬೇಕಲ್ಲ?"

ಒಂದನ್ನು ಮೆಲ್ಲಗೆ ಪೆಟ್ಟಿಗೆಗೆ ಸೇರಿಸಿದೆ.

ಅದನ್ನು ಹಾಕಲು ಮತ್ತೆ ಹೋದಾಗ ಇನ್ನೊಂದಾಟ ಆಡಿದೆವು. ಬುದ್ಧಿ ಕಲಿತವನಂತೆ ಯಾವ ಬಲವನ್ನೂ ಮುಟ್ಟದೆ ಕುರಿ ಓಡಿಸಿದೆ. ಅರ್ಧ ದಾರಿಯಲ್ಲೇ, ಒಂದು ಕವಡೆ ಕೊಟ್ಟು ಕರಿಯಮ್ಮ ಪಡೆದಿದ್ದ ನಾಯಿ ಅದನ್ನು ಹಿಡಿಯಿತು.