ಸದಲಗಾದ ಗೋದಲಿಯಿಂದ ಬ್ಯಾಂಕಾಕಿನ ಸಾಲಿಗೆ

ಎಮ್ಮೆಯ ಕೆಚ್ಚಲಿಗೆ ಬೆಚ್ಚಗಿನ ನೀರು ಚಿಮುಕಿಸಿ ಒರೆಸಿದ ಬ್ರಾಹ್ಮಿ ಚೌಗಲಾ, ಬಕೆಟ್ಟನ್ನು ಮೊಣಕಾಲುಗಳ ನಡುವೆ ಬಿಗಿಹಿಡಿದು ಹಾಲು ಹಿಂಡುತ್ತಿದ್ದಾರೆ. ಬೆಳಗಿನ ಐದೂವರೆ. ಸದಲಗಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗೋದಲಿಯಲ್ಲಿ ಮೇವಿಗೆ ಆನಿಸಿಟ್ಟ ಫೋನಿನಿಂದ ಗಂಡಸಿನ ದನಿಯೊಂದು ಪಿಸುಗುಡುತ್ತಿದೆ. ಅದು ಕೊಗನೊಳ್ಳಿಯ ರೈತ ಮಹಾದೇವ ಅವರದು. ಹದಿನೆಂಟು ಜನರ ಗುಂಪಿನೊಡನೆ ಆಗಷ್ಟೇ ಬ್ಯಾಂಕಾಕಿನಲ್ಲಿ ಇಳಿದು, ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತಿದ್ದಾರೆ. ಅಲ್ಲಿ ಆಗಲೇ ಏಳು ಗಂಟೆ.

‘ಅಕ್ಕಾರ, ಲೈನ್ ಅಂದ್ರ ಫ್ಯಾಕ್ಟರಿ ಮುಂದ ಕಬ್ಬಿನ ಗಾಡಿ ನಿಂತಂಗ ನಿಂತೈತ್ರಿ.’

‘ಗಾಬರಿ ಆಗಬ್ಯಾಡ್ರಿ. ಖಿಡಕಿ ಎಷ್ಟ ತೆರದಾವ, ಎಣಿಸಿ ಹೇಳ್ರಿ.’

‘ಹನ್ನೊಂದ್ರಿ. ಒಂದರಾಗ ಸಾಹೇಬ ಇಲ್ಲ.’

‘ಅಂದ್ರ ಹತ್ತ. ನಿಮ್ಮ ಮುಂದ ಎಷ್ಟ ತೆಲಿ ಅದಾವ?’

‘ಮುನ್ನೂರರ ಮ್ಯಾಲ ಇರಬೇಕ್ರಿ. ಅಕ್ಕಾರ, ಅದೇನ ಚುರ್ ಚುರ್ ಸಪ್ಪಳ?’

‘ನಮ್ಮ ಎಮ್ಮಿರಿ.’

‘ಹೌದಾ! ಹೊತ್ತಿಗೆ ಎಷ್ಟ ಲೀಟರ್ ಕೊಡತೈತ್ರಿ?’

‘ನೀವ ಮೊದಲ ಮುಂದ ಸರೀರಿ!’

ಕೈ ನಿಲ್ಲಿಸದೆಯೇ ಬ್ರಾಹ್ಮಿ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾರೆ. ಒಂದು ತಾಸು ಹತ್ತು ನಿಮಿಷ. ಸೆರಗಿನಿಂದ ಬೆರಳು ಒರೆಸಿಕೊಂಡು, ನಿಲ್ದಾಣದ ಹೊರಗೆ ಬಸ್ಸಿನ ಬಳಿ ಕಾಯುತ್ತಿರುವ ಅಲ್ಲಿಯ ಗೈಡ್‌ಗೆ ಫೋನು ಹಚ್ಚಿ ಹಿಂದಿಯಲ್ಲಿ ಎರಡೇ ಮಾತು ಹೇಳುತ್ತಾರೆ: ‘ಭೈಯಾ, ದೂಸ್ರಾ ಕಾಗಜ್.’ ಎರಡನೆಯ ಹಾಳೆ ಎಂದು ಅರ್ಥ. ಮತ್ತೆ ಎಮ್ಮೆಯ ಕಡೆ ತಿರುಗುತ್ತಾರೆ.

ಬ್ರಾಹ್ಮಿಯವರ ಕೆಲಸ ಇದು. ನಿಪ್ಪಾಣಿಯ ಒಂದು ಪ್ರವಾಸ ಕಚೇರಿಗಾಗಿ, ನಮ್ಮ ಕಡೆಯಿಂದ ಪರದೇಶ ನೋಡಲು ಹೊರಟ ಗುಂಪುಗಳ ಮೊದಲ ದಿನವನ್ನು ಇವರು ಹೊಂದಿಸಿಕೊಡುತ್ತಾರೆ. ಎರಡನೆಯ ದಿನದಿಂದ ಮುಂದಿನದು ಬೇರೆಯವರ ಪಾಲು. ವಿಮಾನ ಇಳಿದ ಮೇಲೆ ಸಾಲಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ, ಉಳಿದ ಹೊತ್ತಿನಲ್ಲಿ ಏನು ನೋಡಬಹುದು, ಏನನ್ನು ಬಿಡಬೇಕು ಎಂಬುದನ್ನು ತೂಗಿ ನೋಡುವುದು ಇವರ ಪಾಲಿನದು. ಪ್ರತಿ ಗುಂಪಿಗೂ ಎರಡು ಹಾಳೆ ಬರೆದಿಡುತ್ತಾರೆ. ಸಾಲು ಒಂದು ತಾಸಿನೊಳಗೆ ಮುಗಿದರೆ ಮೊದಲನೆಯದು, ತಾಸು ದಾಟಿದರೆ ಎರಡನೆಯದು. ಎರಡನೆಯ ಹಾಳೆಯಲ್ಲಿ ನೋಡುವುದು ಕಡಿಮೆ, ಕೂರುವುದು ಹೆಚ್ಚು.

‘ಇಡೀ ರಾತ್ರಿ ನಿದ್ದಿಗೆಟ್ಟ ಮನಷಾಗ ಇಳಿದ ಕೂಡಲೇ ಮೂರ ಗುಡಿ ತೋರಿಸಿದ್ರ, ಗುಡಿ ನೆನಪ ಉಳಿಯಂಗಿಲ್ರಿ, ಕಾಲ ನೋವ ನೆನಪ ಉಳಿತೈತಿ,’ ಎನ್ನುತ್ತಾರೆ.

ನಲವತ್ತೆರಡರ ಬ್ರಾಹ್ಮಿ ಬಿ.ಕಾಂ. ಓದಿದವರು. ಎಂಟು ವರ್ಷದ ಹಿಂದೆ ಇದೇ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದರು. ಸದಲಗಾದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಹೋಗಿ ಬಂದವರೆಲ್ಲ ಮೊದಲ ದಿನದ ಗೋಳನ್ನೇ ಹೇಳುವುದು ಕೇಳಿ ಕೇಳಿ, ಅದನ್ನು ಬರೆದಿಡತೊಡಗಿದರು. ಯಾವ ವಾರ, ಯಾವ ಹೊತ್ತು, ಜೊತೆಗೆ ಇನ್ನೆಷ್ಟು ವಿಮಾನ ಇಳಿದಿದ್ದವು, ಸಾಲಿನ ತುದಿಗೆ ನಿಂತದ್ದು ಎಷ್ಟಕ್ಕೆ, ಠಸ್ಸೆ ಬಿದ್ದದ್ದು ಎಷ್ಟಕ್ಕೆ. ಹೀಗೆ ಐವತ್ತೇಳು ಗುಂಪಿನ ವಿವರ ಈಗ ಅವರ ಬಳಿ ಇದೆ. ಅತಿ ಕಡಿಮೆ ಹದಿನೆಂಟು ನಿಮಿಷ. ಅತಿ ಹೆಚ್ಚು ಎರಡು ತಾಸು ಹದಿನೈದು ನಿಮಿಷ. ಅವರು ಮಾತ್ರ ಒಂದು ಸಲವೂ ವಿಮಾನ ಹತ್ತಿದವರಲ್ಲ.

‘ನಮ್ಮ ಅತ್ತಿಯಾರ ಅಂತಿದ್ರು, ತಾ ಹೋಗಿಲ್ಲ, ಊರ ಮಂದೀನ ಕಳಸತಾಳ ಅಂತ,’ ಎಂದು ನಗುತ್ತಾರೆ. ಗಂಡ ಸುಜಯ ಹಾಲಿನ ಕ್ಯಾನು ಗಾಡಿಗೇರಿಸುತ್ತ ದನಿಗೂಡಿಸುತ್ತಾರೆ: ‘ಈಕಿ ಹೋದ್ರ ಎಮ್ಮಿ ನನ್ನ ಹತ್ರ ನಿಂದ್ರಂಗಿಲ್ರಿ. ಅದಕ್ಕ ಪಾಸ್‌ಪೋರ್ಟ್ ಮುಚ್ಚಿಟ್ಟೇನಿ.’

ನಮ್ಮ ಭಾಗದ ಮೊದಲ ದಿನಕ್ಕೆ ಬೇರೆ ಕಡೆ ಇಲ್ಲದ ಒಂದು ತೊಡಕಿದೆ. ಗುಂಪಿನಲ್ಲಿ ಅರ್ಧಕ್ಕರ್ಧ ಜೈನ ಹಿರಿಯರು. ಹೊತ್ತು ಮುಳುಗಿದ ಮೇಲೆ ಅವರು ಅನ್ನ ಮುಟ್ಟುವುದಿಲ್ಲ. ಮನೆಯ ಬುತ್ತಿ ಕೈಚೀಲದಲ್ಲೇ ಇದ್ದರೂ ವಿಮಾನದಲ್ಲಿ ಬಿಚ್ಚುವುದಿಲ್ಲ, ಪಕ್ಕದ ಸೀಟಿನವರು ಏನು ತಿನ್ನುತ್ತಿರುತ್ತಾರೋ. ಚಳಿಗಾಲದಲ್ಲಿ ಬ್ಯಾಂಕಾಕಿನ ಸೂರ್ಯ ಸಂಜೆ ಆರರ ಆಸುಪಾಸಿಗೆ ಮುಳುಗುತ್ತಾನೆ. ಮಧ್ಯಾಹ್ನದ ವಿಮಾನ ಇಳಿಯುವುದು ನಾಲ್ಕರ ಸುಮಾರಿಗೆ. ಈ ಎರಡು ತಾಸಿನ ನಡುವೆ ಪಾಸ್‌ಪೋರ್ಟಿನ ಸಾಲು ನಿಂತಿರುತ್ತದೆ.

ಕಚೇರಿಯ ಛಾಪಿಸಿದ ಹಾಳೆಯಲ್ಲಿ ಮೊದಲ ದಿನಕ್ಕೆ ಇರುವುದು ‘ಸಂಜೆ ಏಳಕ್ಕೆ ನದಿಯಲ್ಲಿ ದೋಣಿ ವಿಹಾರ ಮತ್ತು ಭೋಜನ’. ದೋಣಿಯ ಚಿತ್ರ ಚೆಂದ. ಅದನ್ನು ನೋಡಿಯೇ ಜನ ಬರುತ್ತಾರೆಂಬುದು ಮಾಲೀಕ ಅಪ್ಪಾಸಾಬ ಅವರ ಮಾತು. ಬ್ರಾಹ್ಮಿ ಇಷ್ಟು ದಿನ ಸದ್ದಿಲ್ಲದೆ ಗೈಡ್‌ಗೆ ಫೋನು ಹಚ್ಚಿ ಅದನ್ನು ಬದಲಿಸುತ್ತ ಬಂದಿದ್ದಾರೆ. ಸಾಲು ಚಿಕ್ಕದಿದ್ದರೆ ಹತ್ತಿರದ ಕೆರೆ ದಂಡೆಯ ಉದ್ಯಾನದಲ್ಲಿ ಬುತ್ತಿ ಬಿಚ್ಚಿಸುತ್ತಾರೆ. ದೊಡ್ಡದಿದ್ದರೆ ನಿಲ್ದಾಣದ ಬಾಗಿಲಲ್ಲೇ, ಬಸ್ಸಿನಲ್ಲೇ. ‘ಉಂಡ ಮ್ಯಾಲ ದೀಪ ನೋಡ್ರಿ, ದೋಣಿ ಹತ್ರಿ, ಯಾರ ಬ್ಯಾಡ ಅಂತಾರ?’

ಆದರೆ ಬರುವ ಜನವರಿಯಲ್ಲಿ ಒಂದೇ ವಾರ ಮೂರು ಗುಂಪು ಹೊರಡುತ್ತಿವೆ. ಫೋನು ಹಿಡಿಯಲು ಕಚೇರಿ ಹೊಸಬರನ್ನು ತೆಗೆದುಕೊಂಡಿದೆ. ಅವರು ನಡೆಯುವುದು ಛಾಪಿಸಿದ ಹಾಳೆಯಂತೆ. ಹಾಳೆ ಶನಿವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಮೊದಲ ದಿನ ಬದಲಾಗದಿದ್ದರೆ ಅರವತ್ತರಷ್ಟು ಜನರ ಊಟ ಕತ್ತಲಾದ ಮೇಲೆ ಆ ದೋಣಿಯಲ್ಲೇ, ಜೈನ ಹಿರಿಯರಿಗೆ ಉಪವಾಸ.

‘ಹೇಳಿದ್ರ ಆತಲ್ಲ ಮಾಲೀಕರಿಗೆ,’ ಎಂದೆ.

‘ಬರದ ಕೊಡು, ಕಾಗದಾ ಇದ್ರ ವಿಚಾರ ಮಾಡೂಣು ಅಂತಾರ್ರಿ. ಬರೀಬೇಕಂದ್ರ ಒಂದ ಮಾತ ಅಡ್ಡ ಬರತೈತಿ.’

ಆ ಮಾತು ಕೊರೊನಾಕ್ಕೆ ಎರಡು ತಿಂಗಳು ಮೊದಲಿನದು. ಬೇಡಕಿಹಾಳದ ಇಪ್ಪತ್ತೆರಡು ಜನರ ಗುಂಪು, ಎಲ್ಲರೂ ಜೈನರೇ. ಸಾಲಿಗೆ ನಲವತ್ತು ನಿಮಿಷ ಸಾಕೆಂದು ಬ್ರಾಹ್ಮಿ ಎಣಿಸಿದ್ದರು. ಹಿಡಿದದ್ದು ಎರಡು ತಾಸು ಹದಿನೈದು ನಿಮಿಷ. ಜನ ಹೊರಗೆ ಬರುವ ಹೊತ್ತಿಗೆ ಆಕಾಶ ಕಪ್ಪಾಗಿತ್ತು. ಇಪ್ಪತ್ತೆರಡು ಬುತ್ತಿ ಇಪ್ಪತ್ತೆರಡು ತೊಡೆಯ ಮೇಲೆ ಹಾಗೇ ಉಳಿದವು. ಯಾಕೆ ಹೀಗಾಯಿತೆಂದು ಕಚೇರಿ ಕೇಳಿದಾಗ ಬ್ರಾಹ್ಮಿ ‘ವಿಮಾನ ತಡ’ ಎಂದು ಬರೆದುಕೊಟ್ಟರು. ವಿಮಾನ ತಡವಾದರೆ ಅದು ಯಾರ ತಪ್ಪೂ ಅಲ್ಲ, ಹಾಗಾಗಿ ಛಾಪಿಸಿದ ಹಾಳೆಯನ್ನು ಬದಲಿಸುವ ಕಾರಣವೂ ಕಚೇರಿಗೆ ಕಾಣಲಿಲ್ಲ. ಆಮೇಲೆ ಎರಡು ವರ್ಷ ಪ್ರವಾಸವೇ ನಿಂತಿತು. ಮನೆಯಲ್ಲಿ ಮೊಸರು ಮಾರಿಕೊಂಡಿದ್ದರು. ಕೆಲಸ ಮತ್ತೆ ಶುರುವಾದಾಗ, ಹಳೆಯದನ್ನು ಕೆದಕಿದರೆ ಇರುವ ಕೆಲಸವೂ ಹೋದೀತೆಂಬ ಅಂಜಿಕೆ. ಪತ್ರ ಮೂರು ಸಲ ಶುರುವಾಗಿ ಮೂರು ಸಲವೂ ‘ವಿಮಾನ ತಡ’ ಎಂಬ ಆ ಮಾತಿನ ಹತ್ತಿರ ನಿಂತಿದೆ.

ನಾವು ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಕೆಮ್ಮು ಕೇಳಿಸುತ್ತದೆ. ಬೇಡಕಿಹಾಳದ ಸುಂದರಾ ಆಯಿ. ಎಪ್ಪತ್ತೊಂದರ ಅಜ್ಜಿ. ಆ ಇಪ್ಪತ್ತೆರಡು ಜನರಲ್ಲಿ ಒಬ್ಬರು. ಜನವರಿಗೆ ಮತ್ತೆ ಹೊರಟಿದ್ದಾರೆ, ಪಾಸ್‌ಪೋರ್ಟಿನ ನಕಲು ಕೊಡಲು ಬಂದಿದ್ದಾರೆ. ಹೊಸ್ತಿಲು ದಾಟುವ ಮೊದಲೇ ಮಾತು ಶುರು.

‘ಬ್ರಾಹ್ಮಿ, ಈ ಸಲ ಉಣ್ಣಾಕ ಹಾಕ್ತೀಯೋ, ಉಪಾಸ ಕೆಡವತೀಯೋ?’

ಬ್ರಾಹ್ಮಿಯ ಮುಖ ಬಾಡುತ್ತದೆ. ‘ಆಯಿ, ಆವತ್ತ ವಿಮಾನ...’

‘ವಿಮಾನ ತಡ ಆಗಿತ್ತಂತ ನಿಮ್ಮ ಆಫೀಸಿನಾಂವ ನನಗೂ ಹೇಳಿದಾ. ನಾ ಮುದುಕಿ ಆಗೀನಿ ಬೇ, ಕುರುಡಿ ಆಗಿಲ್ಲ. ಕೈಯಾಗ ಗಡಿಯಾರ ಇತ್ತ. ವಿಮಾನ ಟೈಮಿಗೆ ಇಳೀತು.’

‘ಗೊತ್ತಿತ್ತ ನಿಮಗ? ಮತ್ತ ಒಂದ ಮಾತ ಅನಲಿಲ್ಲಲ್ಲ ಆಯಿ.’

‘ಏನ ಅನಲಿ? ಒಂದ ರಾತ್ರಿ ಉಪಾಸಕ್ಕ ನಾ ಸಾಯಂಗಿಲ್ಲ. ಪರ್ವದಾಗ ಎಂಟ ದಿನ ಮಾಡ್ದಾಕಿ ನಾ. ಆದ್ರ ಈ ಸಲ ನನ್ನ ನೆಗೆಣ್ಣಿ, ಮೈದುನನ ಹೇಂತಿ, ಬರತಾಳ, ಆಕಿಗೆ ಸಕ್ಕರಿ ಕಾಯಿಲೆ. ಆಕೀನ ಉಪಾಸ ಕೆಡವಿದ್ರ ಮಾತ್ರ ಬಿಡಂಗಿಲ್ಲ ನೋಡ.’

ಬ್ರಾಹ್ಮಿ ಎದ್ದು ಒಳಗೆ ಹೋಗುತ್ತಾರೆ. ಬರುವಾಗ ಕೈಯಲ್ಲಿ ಗೆರೆ ಹಾಕಿದ ಹಾಳೆ, ಪೆನ್ನು. ಗೋಡೆಗೆ ಬೆನ್ನು ಕೊಟ್ಟು ಕೂತು ಬರೆಯುತ್ತಾರೆ. ಸುಂದರಾ ಆಯಿ ಚಹಾ ಕುಡಿಯುತ್ತ ಎಮ್ಮೆಯ ಗುಣಗಾನ ನಡೆಸಿದ್ದಾರೆ, ಪತ್ರದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅರ್ಧ ತಾಸಿನ ಮೇಲೆ ಬ್ರಾಹ್ಮಿ ಓದಿ ಹೇಳುತ್ತಾರೆ. ಐವತ್ತೇಳು ಗುಂಪಿನ ಸಾಲಿನ ಹೊತ್ತು, ಎರಡು ಹಾಳೆಯ ಕ್ರಮ, ದೋಣಿಗಿಂತ ಮೊದಲು ಬುತ್ತಿ. ನಡುವೆ ಮೂರು ಚಿಕ್ಕ ವಾಕ್ಯ: ‘ಆ ದಿನ ವಿಮಾನ ಹೊತ್ತಿಗೆ ಸರಿಯಾಗಿ ಇಳಿದಿತ್ತು. ತಪ್ಪು ನನ್ನ ಲೆಕ್ಕದ್ದು. ತಡ ಎಂದು ಬರೆದದ್ದು ಸುಳ್ಳು.’

‘ಫೋನಿನ್ಯಾಗ ಕಳಿಸಬೌದಲ್ಲ,’ ಎನ್ನುತ್ತಾರೆ ಆಯಿ.

‘ಫೋನಿನ್ಯಾಗ ಬರದ್ರ ಮತ್ತ ಅಳಿಸಿಬಿಡತೇನ್ರಿ. ನನ್ನ ಮ್ಯಾಲ ನನಗ ಭರವಸಿ ಇಲ್ಲ.’

ನಾವು ಮೂವರೂ ನಡೆದು ಅಂಚೆ ಕಚೇರಿಗೆ ಹೋಗುತ್ತೇವೆ. ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ದಾರಿಯಲ್ಲಿ ಕೇಳಿದೆ. ‘ಬರೀರಿ. ಕೆಲಸ ಇದ್ರ ಇರತೈತಿ, ಇಲ್ಲಂದ್ರ ಎಮ್ಮಿ ಐತಿ. ಮಂದಿ ಉಂಡ ದೀಪ ನೋಡ್ಲಿ, ಇಷ್ಟ ನನ್ನ ಆಸೆ.’ ಅಂಚೆ ಕಚೇರಿಯ ಕಟ್ಟೆಯ ಬಳಿ ಆಯಿ ಬ್ರಾಹ್ಮಿಯ ಸೆರಗು ಸರಿಮಾಡುತ್ತಾರೆ.

ಖಿಡಕಿಯ ಆಚೆಯ ಗುಮಾಸ್ತ ಲಕೋಟೆಯನ್ನು ತಿರುವಿ ವಿಳಾಸ ಓದುತ್ತಾನೆ. ‘ನಿಪ್ಪಾಣಿಗೆ. ಸಾದಾ ಹಾಕಲೇನ್ರಿ, ಸ್ಪೀಡ್ ಪೋಸ್ಟ್ ಮಾಡಲಿ? ಅರ್ಜಂಟ್ ಐತೇನು?’

‘ಹೌದ್ರಿ,’ ಎನ್ನುತ್ತಾರೆ ಬ್ರಾಹ್ಮಿ. ‘ಆರ ವರ್ಷದಿಂದ ಅರ್ಜಂಟ್ ಐತ್ರಿ.’