ಕೊಳೆ ನಿಂತ ಪುಟ

ನಮ್ಮ ಭಾವ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಸಾವಿರಾರು ಪುಸ್ತಕ ಅವರ ಕೈ ದಾಟಿ ಹೋಗಿವೆ. ಒಂದನ್ನೂ ಓದಿಲ್ಲ. ಯಾಕೆ ಅಂತ ಕೇಳಿದರೆ, “ಹಾಸಿಗೆ ಹೊಲಿಯೋನು ಎಲ್ಲಾ ಹಾಸಿಗೆ ಮೇಲೂ ಮಲಗಿ ನೋಡ್ತಾನೇನೋ?” ಅನ್ನುತ್ತಾರೆ. ಅಂಥವರ ತಲೆಗೆ ಮಗಳಿಗೊಂದು ಸಂಖ್ಯಾಶಾಸ್ತ್ರದ ಪುಸ್ತಕ ಆರಿಸುವ ಕೆಲಸ ಬಂತು.

ಮಗಳನ್ನು ನಾವು ಕರೆಯುವುದು ಗುಬ್ಬಿ ಅಂತ. ಹೋದ ವರ್ಷ ಸಂಖ್ಯಾಶಾಸ್ತ್ರದ ಮೇಡಂ ಅವಳನ್ನು ಎದ್ದು ನಿಲ್ಲಿಸಿ, “ಇಡೀ ಕ್ಲಾಸಿಗೆ ಅರ್ಥವಾಗಿದೆ, ನಿನ್ನೊಬ್ಬಳಿಗೇ ಆಗಿಲ್ಲ” ಅಂದರಂತೆ. ಮಾರನೆಯ ದಿನ ಗುಬ್ಬಿ ಸಮವಸ್ತ್ರ ಹಾಕಲಿಲ್ಲ. ಆಮೇಲೆ ಜಪ್ಪಯ್ಯ ಅಂದರೂ ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಬೇಕು. ಉಳಿದದ್ದೆಲ್ಲ ಓದುತ್ತಾಳೆ, ಸಂಖ್ಯಾಶಾಸ್ತ್ರದ ಪುಸ್ತಕ ಮುಂದಿಟ್ಟರೆ ಮಾತ್ರ ಆರಿದ ಕಾಫಿಯ ಹಾಗೆ ಪಕ್ಕಕ್ಕೆ ಸರಿಸುತ್ತಾಳೆ. ನಮ್ಮ ಅಕ್ಕನ ಷರತ್ತು ಸರಳ: ಈ ಸಲ ಪಾಸಾಗಬೇಕು, ಇಲ್ಲವಾದರೆ ಅದೇ ಶಾಲೆ, ಅದೇ ಕ್ಲಾಸು, ಅದೇ ಮೇಡಂ. ಅಕ್ಕ ಆಡಿದ ಮಾತು ವಾಪಸ್ ತಗೊಂಡದ್ದನ್ನು ನಾನಂತೂ ಹುಟ್ಟಿದಾಗಿನಿಂದ ಕಂಡಿಲ್ಲ.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಆ ಧೈರ್ಯದ ಮೇಲೆ ಒಂದು ದಪ್ಪ ಪುಸ್ತಕ ತಂದುಕೊಟ್ಟೆ. ಭಾವ ಅದರ ಬೆನ್ನು ಬಗ್ಗಿಸಿ, “ಅಂಟು ಸರಿಯಿಲ್ಲ” ಅಂತ ನನ್ನ ಕೈಗೇ ವಾಪಸ್ ಕೊಟ್ಟರು. ಊರಿಗೆಲ್ಲ ಒಂದು ದಾರಿಯಾದರೆ ಇವರಿಗೆ ಇನ್ನೊಂದು.

ಆದರೆ ಅವರಿಗೂ ಒಂದು ಲೆಕ್ಕಾಚಾರವಿತ್ತು. ಊರಿನ ಶಾಲೆಗಳ ಗ್ರಂಥಾಲಯದ ಪುಸ್ತಕಗಳೆಲ್ಲ ಹರಿದ ಮೇಲೆ ಬರುವುದು ಭಾವನ ಹತ್ತಿರವೇ. ಮುಚ್ಚಿದ ಪುಸ್ತಕವನ್ನು ಪಕ್ಕದಿಂದ ನೋಡಿದರೆ, ಓದಿದವರ ಬೆರಳಿನ ಕೊಳೆ ಹಾಳೆಗಳ ಅಂಚಿನಲ್ಲಿ ಎಲ್ಲಿಯವರೆಗೆ ಹತ್ತಿದೆಯೋ ಅಲ್ಲಿಯವರೆಗೆ ಓದಿದ್ದಾರೆ ಅಂತ ಅರ್ಥ. ಹೊಸ ರಟ್ಟು ಹಾಕಿದ ಮೇಲೆ ಭಾವ ಮೂರು ಕಡೆಯ ಅಂಚನ್ನೂ ಯಂತ್ರಕ್ಕೆ ಕೊಟ್ಟು ಕತ್ತರಿಸುತ್ತಾರೆ. ಕೊಳೆಯೆಲ್ಲ ಹೋಗಿ ಪುಸ್ತಕ ಹಾಲಿನಂತಾಗುತ್ತದೆ. ಕತ್ತರಿಸದೆ ಕೊಡುವುದೆಂದರೆ ಅವರ ಲೆಕ್ಕದಲ್ಲಿ ಮುಖ ತೊಳೆಯದೆ ಮದುವೆಗೆ ಹೋದ ಹಾಗೆ.

“ಕೊನೇತನಕ ಕೊಳೆ ಆಗಿರೋ ಪುಸ್ತಕ ಹುಡುಕಿದ್ರೆ ಆಯ್ತು,” ಅಂದರು. “ಓದಿದೋರು ಕೊನೇತನಕ ಹೋಗಿದಾರೆ ಅಂದ್ರೆ ನಮ್ಮ ಗುಬ್ಬೀನೂ ಹೋಗ್ತಾಳೆ.”

ಒಂದು ಭಾನುವಾರ ಮೂವರೂ ಅಂಗಡಿಯಲ್ಲಿ ಕೂತೆವು. ಗುಬ್ಬಿ ಬಂದದ್ದು ಅಪ್ಪನ ಬಲವಂತಕ್ಕೆ. ಮೇಜಿನ ಮೇಲೆ ಅಂಟಿನ ಡಬ್ಬಿಯ ಪಕ್ಕ ಮುಖ ಗಂಟು ಹಾಕಿಕೊಂಡು ಕೂತಿದ್ದಳು. ಭಾವ ಒಂದೊಂದೇ ಸಂಖ್ಯಾಶಾಸ್ತ್ರದ ಪುಸ್ತಕ ಎತ್ತಿ, ಅಂಚು ನೋಡಿ, ನೆಲಕ್ಕೆ ಹಾಕುತ್ತಿದ್ದರು. ಕೊನೆಗೊಂದು ಸಿಕ್ಕಿತು. ಮುಂದೆ ಕಪ್ಪು, ನಡುವೆ ಬಿಳುಪು, ಹಿಂದೆ ಮತ್ತೆ ಕಪ್ಪು.

“ಮಧ್ಯೆ ಸ್ವಲ್ಪ ಸುಧಾರಿಸ್ಕೊಂಡು ಮುಂದೆ ಹೋಗಿದಾರೆ,” ಅಂದರು ಭಾವ.

ನಾನು ಹಿಂದಿನ ಪುಟ ತೆರೆದೆ. “ಭಾವ, ಇವು ಉತ್ತರದ ಪುಟಗಳು.”

ಭಾವ ಆ ಪುಸ್ತಕವನ್ನೂ ನೆಲಕ್ಕೆ ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. ಗುಬ್ಬಿ ನಗಲಿಲ್ಲ. ಅವಳು ನೆಲದ ಮೇಲೆ ಬಿದ್ದಿದ್ದ ಪುಸ್ತಕಗಳನ್ನು ನೋಡುತ್ತಿದ್ದಳು. ಕೆಳಗಿಳಿದು, ಅದರಲ್ಲಿ ಒಂದೇ ಥರದವನ್ನೆಲ್ಲ ಆರಿಸಿ ಒಂದರ ಪಕ್ಕ ಒಂದು ನಿಲ್ಲಿಸಿದಳು.

“ಮಾಮ, ಇದು ನಮ್ಮ ಶಾಲೆ ಸೀಲು.”

ಅವಳ ಶಾಲೆಯ ಪುಸ್ತಕಗಳೇ. ಎಲ್ಲದರಲ್ಲೂ ಕೊಳೆ ಒಂದೇ ಜಾಗಕ್ಕೆ ನಿಂತಿತ್ತು. ಆ ಜಾಗಕ್ಕೆ ಉಗುರು ಕೊಟ್ಟು ಒಂದು ಪುಸ್ತಕ ತೆರೆದಳು: ಸಂಭವನೀಯತೆ. ಇನ್ನೊಂದು ತೆರೆದಳು, ಮತ್ತೊಂದು ತೆರೆದಳು. ಮೇಡಂ ಅವಳನ್ನು ಎದ್ದು ನಿಲ್ಲಿಸಿದ್ದು ಇದೇ ಪಾಠದಲ್ಲಿ.

“ನಾನೊಬ್ಬಳೇ ಅಂದಿದ್ರು,” ಅಂದಳು ಗುಬ್ಬಿ.

ಆ ಮೇಡಂ ಎದುರಿಗಿದ್ದಿದ್ದರೆ ಪುಸ್ತಕಗಳ ಆ ಸಾಲನ್ನೇ ಅವರ ಮುಂದೆ ಹಿಡಿಯುತ್ತಿದ್ದೆ. ಅಷ್ಟು ಸಿಟ್ಟು ಬಂತು. ಭಾವನಿಗೆ ಏನು ಬಂತೋ ಗೊತ್ತಿಲ್ಲ. ಅಂಟಿಲ್ಲದ ಕೈಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು.

“ನಂಗೆ ಇದೇ ಪುಸ್ತಕ ಬೇಕು.”

“ಇದು ಯಾರನ್ನೂ ದಾಟಿಸಿಲ್ಲ ಕಣಮ್ಮ.”

“ನಾನೂ ಇಲ್ಲೇ ನಿಂತಿರೋದು ಅಪ್ಪಾ. ಇಲ್ಲಿಂದಾನೇ ಶುರು ಮಾಡ್ತೀನಿ.”

ಶಾಲೆಯ ಪುಸ್ತಕಗಳ ಅಂಚು ಕತ್ತರಿಸಿ ಶಾಲೆಗೆ ಕಳಿಸಿದ್ದಾಯಿತು. ಗುಬ್ಬಿಗೆ ಅದೇ ಪುಸ್ತಕದ ಹೊಸ ಪ್ರತಿ ಬಂತು. ಕಬ್ಬಿಣದ ಕಡಲೆ ಅನ್ನುತ್ತಾರಲ್ಲ, ಅದನ್ನು ಅವಳು ದಿನಾ ಅಗಿದಳು. ಕೆಲವು ಸಲ ಅತ್ತಳು, ಒಂದು ಸಲ ಪುಸ್ತಕ ಎಸೆದಳು. ಭಾವ ಅಡುಗೆಮನೆಗೆ ಬರುವ ನೆಪದಲ್ಲಿ ದಿನಾ ಅದರ ಅಂಚು ನೋಡಿ ಹೋಗುತ್ತಿದ್ದರು. ಊರಿಗೆಲ್ಲ ‘ಪುಸ್ತಕ ಮುಟ್ಟೋ ಮುಂಚೆ ಕೈ ತೊಳೀರಿ’ ಅಂತ ಬೋರ್ಡು ಹಾಕಿಕೊಂಡಿರುವ ಮನುಷ್ಯ ಒಂದು ದಿನ ಮಗಳಿಗೆ, “ಕೈ ತೊಳ್ಕೊಳ್ಳೋದು ಇರ್ಲಿ, ಮೊದಲು ಓದು,” ಅಂದರು.

ಅಕ್ಕ ಒಳಗಿಂದ, “ರೀ, ಕೈ ಕೆಸರಾದ್ರೆ ಬಾಯಿ ಮೊಸರು ಅಂತ ಕೇಳಿದ್ದೆ. ಕೈ ಕೊಳೆ ಆದ್ರೆ ಪಾಸು ಅಂತ ಇವತ್ತೇ ಕೇಳ್ತಿರೋದು,” ಅಂದಳು.

ಗುಬ್ಬಿ ಪಾಸಾದಳು. ಅಂಕ ಎಷ್ಟು ಅಂತ ಕೇಳಬೇಡಿ. ಅಕ್ಕನ ಷರತ್ತಿನಲ್ಲಿ ಅಂಕದ ಮಾತಿರಲಿಲ್ಲ.

ಅಷ್ಟರಲ್ಲಿ ಪುಸ್ತಕದ ಬೆನ್ನು ಬಿಟ್ಟುಕೊಂಡಿತ್ತು. ಭಾವ ಅದನ್ನು ಅಂಗಡಿಗೆ ಒಯ್ದು ಹೊಲಿದರು, ಗಟ್ಟಿ ರಟ್ಟು ಹಾಕಿದರು, ಅಂಚು ಕತ್ತರಿಸಲು ಯಂತ್ರದೊಳಗೆ ಇಟ್ಟರು. ಕೊಳೆ ಸಂಭವನೀಯತೆಯನ್ನು ದಾಟಿ ಕೊನೆಯ ಪಾಠದವರೆಗೂ ಹೋಗಿತ್ತು. ಸ್ವಲ್ಪ ಹೊತ್ತು ನೋಡಿ, ಪುಸ್ತಕವನ್ನು ಹಾಗೆಯೇ ಹೊರಗೆ ತೆಗೆದರು.

“ಭಾವ, ಅಂಚು?” ಅಂದೆ.

“ಇರ್ಲಿ ಬಿಡು,” ಅಂದರು.