ನಿಂತ ಮ್ಯಾಟರು

ನನ್ನ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಸವೆದು ಬೋಳಾಗಿರುವುದು ಮೇಲ್ಮುಖದ ಬಾಣದ ಗುಂಡಿ. ನನ್ನ ಸೋಮಾರಿತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಲೋಕವೆಲ್ಲ ಬಣ್ಣಬಣ್ಣದ ಚಿತ್ರಗಳ ಮೇಲೆ ಬೆರಳಾಡಿಸಿ ಕೆಲಸ ಮುಗಿಸಿಕೊಳ್ಳುವಾಗ ನನ್ನಂಥ ಕೆಲವರು ಇನ್ನೂ ಕಪ್ಪು ಪರದೆಯ ಮುಂದೆ ಕೂತು, ಒಂದು ಸಾಲು ಅಪ್ಪಣೆ ಟೈಪು ಮಾಡಿ, ಎಂಟರ್ ಒತ್ತಿ, ಯಂತ್ರ ಏನನ್ನುತ್ತದೋ ಎಂದು ಕಾಯುತ್ತೇವೆ. ಆ ಪರದೆಯಲ್ಲಿ ಮೇಲ್ಬಾಣ ಒತ್ತಿದರೆ ನೀವು ಹಿಂದೆ ಬರೆದ ಸಾಲು ಮತ್ತೆ ಮೂಡುತ್ತದೆ. ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದಿನದು. ಒಂದೆರಡು ಅಕ್ಷರ ತಿದ್ದಿ ಎಂಟರ್ ಹೊಡೆದರೆ ಹೊಸ ಕೆಲಸ ಆಯಿತು. ಈ ಸೌಲಭ್ಯಕ್ಕೆ ಹಿಸ್ಟರಿ ಎಂದು ಹೆಸರು. ಶಾಲೆಯಲ್ಲಿ ಹಿಸ್ಟರಿ ಪೀರಿಯಡ್ ಬಂತೆಂದರೆ ತೂಕಡಿಸುತ್ತಿದ್ದ ನನಗೆ ಕೊನೆಗೆ ಅನ್ನ ಹಾಕಿದ್ದು ಅದೇ.

ಮೊನ್ನೆ ಭಾನುವಾರ ಬೆಳಿಗ್ಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಕುಕ್ಕರಿನಲ್ಲಿ ಬೇಳೆಯಿಟ್ಟು, ಪಕ್ಕದಲ್ಲೇ ಲ್ಯಾಪ್‌ಟಾಪು ತೆರೆದು ಕೂತಿದ್ದೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು. ಸೋಮವಾರದ ಲ್ಯಾಬಿಗೆ, ಹೀಗೆ ಸಾಲು ಬರೆಸಿಕೊಂಡು ನೆನಪಿಟ್ಟುಕೊಳ್ಳುವ ಒಂದು ಪುಟ್ಟ ಪ್ರೋಗ್ರಾಮು ಬೇಕಿತ್ತು. ಹೊಸದಾಗಿ ಯಾರು ಬರೆಯುತ್ತಾರೆ ಹೇಳಿ? ಹನ್ನೆರಡು ವರ್ಷದ ಹಿಂದೆ ಹರಿಹರದ ಒಂದು ಕಾರ್ಖಾನೆಗೆ ಬರೆದುಕೊಟ್ಟದ್ದನ್ನೇ ಹುಡುಕಿ ತೆಗೆದೆ. ಚಾಲೂ ಮಾಡಿ ಹಳೆಯ ಅಪ್ಪಣೆಯನ್ನೇ ಹಾಕಿದೆ: ಮೂರನೇ ಕುಲುಮೆ, ಎಂಟುನೂರ ಅರವತ್ತು ಡಿಗ್ರಿ. ಎಂಟರ್. ಮತ್ತೆ ಮೇಲ್ಬಾಣ ಒತ್ತಿ ಅದೇ ಸಾಲನ್ನು ಕರೆದು, ಎಂಟನ್ನು ಒಂಬತ್ತು ಮಾಡಿದೆ. ಅಷ್ಟರಲ್ಲಿ ಕುಕ್ಕರು ಮೂರನೇ ವಿಷಲ್ ಹಾಕಿತು. ಎಂಟರ್ ಒತ್ತದೆ ಕೆಳಬಾಣ ಒತ್ತಿ, ಖಾಲಿ ಸಾಲಿಗೆ ಇಳಿದು, ಒಲೆ ಆರಿಸಿ ಬಂದೆ.

ಬಂದು ಮೇಲ್ಬಾಣ ಒತ್ತಿದರೆ ಪರದೆಯ ಮೇಲೆ ಒಂಬೈನೂರ ಅರವತ್ತು.

ಅಲ್ಲಿರಬೇಕಾದದ್ದು ಎಂಟುನೂರ ಅರವತ್ತು. ನಾನು ಕೊಟ್ಟ ಅಪ್ಪಣೆ ಅದೊಂದೇ. ಒಂಬತ್ತು ಬರೆದದ್ದು ನಿಜ, ಆದರೆ ಎಂಟರ್ ಒತ್ತಿರಲಿಲ್ಲ. ಮನಸ್ಸು ಬದಲಿಸಿ ಬಿಟ್ಟುಬಂದ ಮಾತು ಅದು. ನನ್ನ ಪ್ರೋಗ್ರಾಮು ಆಡದ ಮಾತನ್ನು ಆಡಿದ್ದೆಂದು ಬರೆದಿಟ್ಟು, ಆಡಿದ ಮಾತನ್ನು ಅಳಿಸಿಹಾಕಿತ್ತು. ಮತ್ತೊಮ್ಮೆ ಮಾಡಿ ನೋಡಿದೆ. ಮತ್ತೂ ಒಮ್ಮೆ. ಮೂರು ಸಲವೂ ಹಾಗೇ ಆಯಿತು. ಬೇಳೆಯ ಕುಕ್ಕರು ತಾನಾಗಿ ಆರಿ, ಮುಚ್ಚಳ ಸಡಿಲವಾದದ್ದು ಕೇಳಿಸುವವರೆಗೂ ಕೂತಲ್ಲೇ ಕೂತಿದ್ದೆ. ಯಾಕೆಂದರೆ ಇದೇ ಎಂಟು ಮತ್ತು ಒಂಬತ್ತರ ನಡುವೆ ಹನ್ನೆರಡು ವರ್ಷದ ಹಿಂದೆ ಒಬ್ಬರ ಕೆಲಸ ಹೋಗಿತ್ತು, ಮತ್ತು ತಪ್ಪು ಅವರದೇ ಎಂದು ಎಲ್ಲರೆದುರು ಓದಿ ಹೇಳಿದವಳು ನಾನು.

ಅವರು ಮಾಬುಸಾಬ್ರು. ನೀವು ದಾವಣಗೆರೆಯ ಕಡೆಯವರಾಗಿದ್ದು, ನಿಮ್ಮ ಮನೆಯಲ್ಲಿ ಮೂವತ್ತು ನಲವತ್ತು ವರ್ಷದ ಹಿಂದೆ ಮದುವೆಯಾಗಿದ್ದರೆ, ಲಗ್ನಪತ್ರಿಕೆಯ ಅಕ್ಷರಗಳನ್ನು ಅವರೇ ಜೋಡಿಸಿರುವ ಸಂಭವ ಉಂಟು. ಹಳೆಯ ಪ್ರೆಸ್ಸೊಂದರಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವುದು ಅವರ ಕಸುಬು. ಒಂದೊಂದೇ ಮೊಳೆ ಹೆಕ್ಕಿ, ತಿರುಗುಮುರುಗಾಗಿ ಸಾಲು ಕಟ್ಟಬೇಕು, ಓದುವುದೂ ತಿರುಗುಮುರುಗಾಗಿಯೇ. ಮೊಳೆಯ ಕಾಲ ಮುಗಿದು ಪ್ರೆಸ್ಸು ಮುಚ್ಚಿದ ಮೇಲೆ ಹರಿಹರದ ಕಾರ್ಖಾನೆಗೆ ಬಂದರು. ಅಲ್ಲಿ ಯಂತ್ರದ ಗೇರುಗಳನ್ನು, ಅಂದರೆ ಉಕ್ಕಿನ ಹಲ್ಲುಚಕ್ರಗಳನ್ನು, ಕುಲುಮೆಯಲ್ಲಿ ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡುತ್ತಿದ್ದರು; ಬೇಕಾದ್ದಕ್ಕಿಂತ ಹೆಚ್ಚು ಕಾದರೆ ಅದ್ದುವಾಗ ಸೀಳುತ್ತವೆ. ಯಾವ ಕುಲುಮೆ ಎಷ್ಟು ಕಾಯಬೇಕೆಂದು ಕಂಪ್ಯೂಟರಿಗೆ ಹೇಳುವ ಕೆಲಸ ಸಾಬ್ರದು. ಅದಕ್ಕೆ ಬೇಕಾದ ಪ್ರೋಗ್ರಾಮು ಬರೆಯುವ ಕೆಲಸ ನನ್ನದು. ಆಗ ನನಗೆ ಇಪ್ಪತ್ತಾರು. ನನಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಹೆಚ್ಚೇನಿಲ್ಲ ಎಂಬ ವಯಸ್ಸು.

ತಪ್ಪಕ್ಷರ ಕಂಡರೆ ಸಾಬ್ರಿಗೆ ಆಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಮಂಡಕ್ಕಿ ಮಿರ್ಚಿ ಬರುತ್ತಿತ್ತು. ನಾವೆಲ್ಲ ಮಿರ್ಚಿಗೆ ಕೈ ಹಾಕಿದರೆ ಅವರು ಮಿರ್ಚಿ ಕಟ್ಟಿದ ಪೇಪರಿಗೆ ಕೈ ಹಾಕುತ್ತಿದ್ದರು. ಎಣ್ಣೆ ಹೀರಿದ ಆ ತುಂಡನ್ನು ಪೂರ್ತಿ ಓದಿ, ಕಿವಿಯ ಸಂದಿಯ ಪೆನ್ಸಿಲ್ ತೆಗೆದು, ಬಿಟ್ಟುಹೋದ ಒತ್ತಕ್ಷರ ಗುರುತು ಮಾಡಿ, ಆಮೇಲೆ ತಿನ್ನುವುದು. "ಮಿರ್ಚಿ ಆರಿಹೋಗುತ್ತೆ ಸಾಬ್ರೇ" ಎಂದರೆ, "ಮಿರ್ಚಿ ನಾಳೆ ಬಿಸಿದು ಸಿಗ್ತೈತ್ರೀ, ಈ ತಪ್ಪು ನಾಳಿಗೂ ಹಿಂಗೇ ಇರ್ತೈತೆ" ಎನ್ನುತ್ತಿದ್ದರು.

ಕಂಪ್ಯೂಟರಿನ ಮುಂದೆಯೂ ಅದೇ ಚಾಳಿ. ಮೇಲ್ಬಾಣ ಒತ್ತಿ ನಿನ್ನೆಯ ಸಾಲು ತರಿಸಿದರೂ ಪರದೆಗೆ ಬೆರಳಿಟ್ಟು ಅಕ್ಷರ ಅಕ್ಷರ ಓದಿ ನಂತರವೇ ಎಂಟರ್. ಪರದೆಯ ತುಂಬ ಅವರ ಬೆರಳ ಗುರುತು. ನನಗೆ ನಗು ಬರುತ್ತಿತ್ತು. "ನಿನ್ನೆ ಸರಿಯಿದ್ದದ್ದು ಇವತ್ತು ಹೇಗೆ ತಪ್ಪಾಗುತ್ತೆ ಸಾಬ್ರೇ? ಹಿಸ್ಟರಿ ಇರೋದೇ ಓದದೆ ಇರೋಕೆ. ಬಾಣ ಒತ್ತಿ, ಎಂಟರ್ ಹೊಡೀರಿ, ಮುಗೀತು" ಎಂದು ನಾನೇ ಹೇಳಿಕೊಟ್ಟೆ. ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ ಹೇಳಿ, ಗೇಲಿ ಮಾಡಿ, ಆ ಚಾಳಿ ಬಿಡಿಸಿದೆ. ಈಗ ಇದನ್ನು ಬರೆಯುತ್ತಿದ್ದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಇನ್ನೊಂದು ಮಾತಿದೆ, ಅದು ಇದಕ್ಕಿಂತ ಕೆಟ್ಟದ್ದು. ಪ್ರತಿ ವರ್ಷ ಹಿಸ್ಟರಿಯ ಪಾಠ ಬಂದಾಗ ನಾನು ವಿದ್ಯಾರ್ಥಿಗಳಿಗೆ ಒಂದು ತಮಾಷೆ ಹೇಳುತ್ತೇನೆ. ಒಂದು ದಿನ ಮಂಡಕ್ಕಿ ತಿನ್ನುವಾಗ ಸಾಬ್ರು, "ಮೇಡಂರ, ನಿಮ್ದು ಹಿಸ್ಟರಿ ಅಲ್ರೀ, ನಿಂತ ಮ್ಯಾಟ್ರು" ಎಂದರು. ಹಾಗೆಂದರೇನು ಎಂದೆ. "ಕಟ್ಟಿದ ಮೊಳೆ ಕಳಚದೆ ಹಂಗೇ ಎತ್ತಿಡ್ತೀವಲ್ರೀ, ಅದು. ಇನ್ನೊಂದು ಮದುವಿ ಬಂದ್ರೆ ಹುಡುಗ ಹುಡುಗಿ ಹೆಸ್ರು ಅಷ್ಟೇ ಬದ್ಲಿ ಮಾಡಿ ಅದನ್ನೇ ಒತ್ತದು. ಆದ್ರ ಅದ್ರಾಗ ಒಂದು..." ಎಂದು ಏನೋ ಹೇಳಹೊರಟಿದ್ದರು. ನಾನು ಜೋರಾಗಿ ನಕ್ಕು, "ಸಾಬ್ರೇ, ನಿಮಗೆ ಕುಲುಮೇಲೂ ಲಗ್ನಪತ್ರಿಕೇನೇ ಕಾಣುತ್ತೆ" ಎಂದುಬಿಟ್ಟೆ. ಅವರೂ ನಕ್ಕು ಸುಮ್ಮನಾದರು. ಹನ್ನೆರಡು ಬ್ಯಾಚಿನ ವಿದ್ಯಾರ್ಥಿಗಳು ಈ ತಮಾಷೆಗೆ ನಕ್ಕಿದ್ದಾರೆ.

ಅವರು ಹೇಳಹೊರಟ ಉಳಿದರ್ಧ ನನಗೆ ಮೊನ್ನೆ ಒಲೆಯ ಪಕ್ಕದಲ್ಲಿ ಹೊಳೆಯಿತು. ನಿಂತ ಮ್ಯಾಟರಿನಲ್ಲಿ ಎರಡನೆಯ ಮದುವೆಯ ಹೆಸರು ಕೂರಿಸಿದಿರೋ, ಮೊದಲಿನವರ ಹೆಸರು ಹೋಯಿತು; ಆ ಸೀಸದಲ್ಲಿ ಅವರು ಇದ್ದರೆಂಬ ಗುರುತೂ ಉಳಿಯುವುದಿಲ್ಲ. ನಾನು ಮಾಡಿದ್ದು ಅದನ್ನೇ. ಹಳೆಯ ಸಾಲಿನ ನಕಲು ತೆಗೆದು ತಿದ್ದಲು ಕೊಡಬೇಕಿತ್ತು, ಮೂಲವನ್ನೇ ಕೊಟ್ಟಿದ್ದೆ. ನನ್ನ ಪ್ರೋಗ್ರಾಮಿನ ತಪ್ಪನ್ನು ಅವರು ತಮ್ಮ ಕಸುಬಿನ ಮಾತಿನಲ್ಲಿ ಕರಾರುವಾಕ್ಕಾಗಿ ಹೇಳಿದ್ದರು. ನಾನು ಅದನ್ನು ತಮಾಷೆ ಮಾಡಿ ಹಂಚಿದೆ.

ಆಮೇಲೆ ಆದದ್ದು ಹೀಗೆ. ಒಂದು ಬೆಳಿಗ್ಗೆ ಕಾರ್ಖಾನೆಯಿಂದ ಫೋನು ಬಂತು. ಮೂರನೇ ಕುಲುಮೆಯ ಗೇರುಗಳೆಲ್ಲ ಎಣ್ಣೆಗೆ ಅದ್ದುತ್ತಿದ್ದಂತೆ ಹಲ್ಲಿನ ಬುಡದಲ್ಲಿ ಸೀಳುಬಿಟ್ಟಿದ್ದವು. ನಾನು ಹೋದಾಗ ಮಾಲೀಕರಾದ ರುದ್ರಪ್ಪನವರು, ಸಾಬ್ರು, ಉಳಿದ ಕೆಲಸದವರು ಎಲ್ಲ ಕಂಪ್ಯೂಟರಿನ ಸುತ್ತ ನಿಂತಿದ್ದರು. ಹಿಸ್ಟರಿ ತೆಗೆದು ನೋಡಿದೆ. ಇವತ್ತು ಒಂಬೈನೂರ ಅರವತ್ತು; ನಿನ್ನೆಯೂ ಒಂಬೈನೂರ ಅರವತ್ತು. ಗಟ್ಟಿಯಾಗಿ ಓದಿದೆ.

"ನಿನ್ನಿ ನಾ ಹೊಡೆದಿದ್ದು ಎಂಟುನೂರ ಅರವತ್ತೇ ರೀ" ಎಂದರು ಸಾಬ್ರು. "ಇವತ್ತು ಬಾಣ ಒತ್ತಿ ಅದನ್ನೇ ಕರೆದೀನಿ. ನಿನ್ನಿ ಸಂಜಿಕಡೆ ಬ್ಯಾರೆ ಲೋಡಿಗೆ ಅಂತ ಒಂಬತ್ತು ಮಾಡಕ್ಕೆ ಹೋಗಿದ್ದೆ. ಆ ಲೋಡು ನಾಳೆ ಅಂದ್ರು, ಬಿಟ್ಟೆ. ಎಂಟರ್ ಹೊಡೆದಿಲ್ಲ."

"ಹೊಡೆಯದಿದ್ರೆ ಇಲ್ಲಿ ಬರ್ತಿರಲಿಲ್ಲ ಸಾಬ್ರೇ."

"ನಿನ್ನಿ ಗೇರು ಚೆಂದಾಗೇ ಬಂದಾವಲ್ರೀ. ಒಂಬೈನೂರು ಕೊಟ್ಟಿದ್ರೆ ಹೆಂಗೆ ಬರ್ತಿದ್ವು?"

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇವತ್ತಿಗೂ ಅಕ್ಷರಶಃ ನೆನಪಿದೆ. "ನಿನ್ನೆ ಹೇಗೋ ಪಾರಾಗಿದೆ. ಮಿಷನ್ ಸುಳ್ಳು ಹೇಳಲ್ಲ. ನಿಮಗೆ ನೆನಪು ತಪ್ಪಿರಬೇಕು." ದನಿಯಲ್ಲಿ ಕೋಪ ಇರಲಿಲ್ಲ, ಕನಿಕರ ಇತ್ತು. ಕನಿಕರವನ್ನು ನೆನೆದರೆ ಹೆಚ್ಚು ಅಸಹ್ಯವಾಗುತ್ತದೆ. ಸಾಬ್ರು ನನ್ನ ಮುಖವನ್ನೂ ಪರದೆಯನ್ನೂ ನೋಡಿದರು. "ಹಂಗಾರೆ ಇರ್ಬೌದ್ರೀ" ಎಂದರು. ರುದ್ರಪ್ಪನವರು, "ನಾಕು ದಿನ ಮನಿಯಾಗಿದ್ದು ಕಣ್ಣು ತೋರಿಸ್ಕೊಂಡು ಬರ್ರಿ" ಎಂದರು. ಸಾಬ್ರು ತಿರುಗಿ ಬರಲಿಲ್ಲ. ಅವರಿಗೆ ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡೆವು. ಹರಿಹರ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ಚಿಲ್ಲರೆ ದಾರಿ. ಹನ್ನೆರಡು ವರ್ಷದಲ್ಲಿ ನಾನು ಒಮ್ಮೆಯೂ ಅವರನ್ನು ನೋಡಲು ಹೋಗಲಿಲ್ಲ.

ಭಾನುವಾರ ಊಟ ಸೇರಲಿಲ್ಲ. ರುದ್ರಪ್ಪನವರಿಗೆ ಕೊಡಲೆಂದು ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಕೈಯಲ್ಲೇ ಬರೆದೆ. ಮೊದಲು ಸಾಬ್ರಿಗೆ ತೋರಿಸಬೇಕೆಂದು ಮಧ್ಯಾಹ್ನದ ಬಸ್ಸು ಹತ್ತಿದೆ. ಇದ್ದಾರೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ಹೊಳೆಯ ಕಡೆಯ ಓಣಿಯಲ್ಲಿ ಕೇಳುತ್ತ ಹೋದರೆ ಒಬ್ಬರು ಮನೆ ತೋರಿಸಿದರು. ಬಾಗಿಲು ತೆಗೆದವರು ಅವರ ಹೆಂಡತಿ ನಸೀಮಾಬಿ. ಗುರುತು ಹೇಳಿದೆ. "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದರು. ಸಾಬ್ರು ಗೋಡೆಗೊರಗಿ ಕೂತಿದ್ದರು, ತುಂಬ ಸಣ್ಣಗಾಗಿದ್ದರು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇರಲಿಲ್ಲ.

"ಕಣ್ಣು ಹೇಗಿದೆ ಸಾಬ್ರೇ?" ಎಂದೆ, ಬೇರೇನೂ ತೋಚದೆ.

"ಕಣ್ಣು ಚೆನ್ನಾಗದಾವ್ರೀ. ಆವಾಗ್ಲೇ ತೋರಿಸಿದ್ದೆ. ಏನೂ ಆಗಿಲ್ಲ ಅಂದ್ರು ಡಾಕ್ಟ್ರು."

"ಕಣ್ಣು ಚೆನ್ನಾಗದಾವು ಅಂದಿದ್ದೇ ತಪ್ಪಾತ್ರೀ" ಎಂದರು ನಸೀಮಾಬಿ. "ಕಣ್ಣು ಸರಿ ಐತೆ ಅಂದ್ರೆ ನಂದು ತಲೀನೇ ಕೆಟ್ಟೈತೆ ಅಂತ ಕುಂತುಬಿಟ್ರು. ಪೇಪರ್ ತರ್ಸದು ಬಿಟ್ರು. ಯಾರಾರ ಪತ್ರಿಕೆ ತಂದು ತಪ್ಪು ನೋಡಿಕೊಡ್ರಿ ಅಂದ್ರೆ ಬ್ಯಾಡ ಅಂತಾರೆ. ಬಾಗಿಲು ಹಾಕೀನೇನು, ಹಾಕೀನೇನು ಅಂತ ಮೂರ್ಮೂರು ಸಲ ನನ್ನೇ ಕೇಳ್ತಾರೆ."

ನಾನು ಬಂದದ್ದು ಒಬ್ಬರ ಕೆಲಸ ಕಳೆದ ಪಾಪವನ್ನು ಒಪ್ಪಿಕೊಳ್ಳಲು. ಕಳೆದದ್ದು ಅಷ್ಟೇ ಅಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ತಾವು ಕಂಡದ್ದನ್ನೇ ನಂಬದೆ ಒಬ್ಬರು ಹನ್ನೆರಡು ವರ್ಷ ಗೋಡೆಗೊರಗಿ ಕೂತಿದ್ದರು, ನಾನು ಕನಿಕರದಿಂದ ಹೇಳಿದ ಒಂದು ವಾಕ್ಯದಿಂದ. ಹೇಗೋ ಹೇಳಿದೆ. ಕುಕ್ಕರು, ಕೆಳಬಾಣ, ಒಂಬತ್ತು, ಎಲ್ಲ. "ನೀವು ಹೇಳಿದ್ದೇ ನಿಜ ಸಾಬ್ರೇ. ಅದು ನಿಂತ ಮ್ಯಾಟರು. ನೀವು ಎಂಟೇ ಹೊಡೆದಿದ್ರಿ."

ಸಾಬ್ರು ನನಗಲ್ಲ, ಹೆಂಡತಿಗೆ ಹೇಳಿದರು. "ಹಂಗಾರೆ ನನ್ನ ತಲಿ ಸರಿಯಾಗೇ ಇತ್ತು."

ನಸೀಮಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ನನ್ನನ್ನು ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ.

ನಾನು ಹಾಳೆಯನ್ನು ಮುಂದಿಟ್ಟೆ. ಸಾಬ್ರು ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ತಿರುಗಿ ಕೂತರು. ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. ಒಂದಕ್ಷರವನ್ನೂ ಹಾರಿಸಲಿಲ್ಲ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇಲ್ಲೊಂದು ಕೊಂಬು ಬಿಟ್ಟೀರಿ, ಮೇಡಂರ."

ಬಗ್ಗಿ ನೋಡಿದೆ. ತಪ್ಪು ನನ್ನದು ಎಂದು ಬರೆಯುವ ಕಡೆ, ಅವಸರದಲ್ಲಿ, 'ತಪ್ಪ ನನ್ನದು' ಎಂದು ಬರೆದಿದ್ದೆ. ನಾಚಿಕೆಯಿಂದ ಪೆನ್ನು ತೆಗೆದು ತಿದ್ದಲು ಹೋದೆ. ಸಾಬ್ರು ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಇದನ್ನ ತಿದ್ದಬ್ಯಾಡ್ರಿ. ಸಾವ್ಕಾರ್ರಿಗೆ ಬ್ಯಾರೆ ಹಾಳಿಯಾಗ ಬರ್ಕೊಡ್ರಿ. ಇದು ಹೆಂಗೈತೋ ಹಂಗೇ ನನ್ನ ಹತ್ರ ಇರ್ಲಿ."

ಹೊರಡುವಾಗ ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಬಾಗಿಲಲ್ಲಿ ಕೂತು ಇನ್ನೂ ಓದುತ್ತಿದ್ದರು.

ಸೋಮವಾರ ಲ್ಯಾಬಿನಲ್ಲಿ ತಮಾಷೆ ಹೇಳಲಿಲ್ಲ. ಹೆಸರು ಸಹಿತ ನಡೆದದ್ದು ಹೇಳಿದೆ. ಯಾರೂ ನಗಲಿಲ್ಲ. ಪ್ರೋಗ್ರಾಮನ್ನೂ ಸರಿ ಮಾಡಿದ್ದೇನೆ. ಈಗ ಹಳೆಯ ಸಾಲನ್ನು ಎಷ್ಟು ತಿದ್ದಿದರೂ ಅದು ಹಿಂದೆ ಹೇಗಿತ್ತೋ ಹಾಗೇ ಉಳಿಯುತ್ತದೆ; ತಿದ್ದಿದ್ದು ಬೇರೆ ಸಾಲಾಗಿ ಕೆಳಗೆ ಕೂರುತ್ತದೆ. ರುದ್ರಪ್ಪನವರಿಗೆ ಕೊಡಬೇಕಾದ ಹೊಸ ಹಾಳೆ ನನ್ನ ಮೇಜಿನ ಮೇಲಿದೆ, ನಾಳೆ ಕಾಲೇಜು ಮುಗಿಸಿ ಹರಿಹರದ ಬಸ್ಸು ಹಿಡಿಯಬೇಕು. ಬರೆದದ್ದನ್ನು ಈಗಾಗಲೇ ಮೂರು ಸಲ ಓದಿದ್ದೇನೆ, ಪ್ರತಿ ಅಕ್ಷರಕ್ಕೂ ಬೆರಳಿಟ್ಟುಕೊಂಡು.